ಹಿಟ್ಸ್‌ ಸಂಗ್ರಹದಲ್ಲಿ ಮೂಲ ಹಾಡೇ ಇರಲಿ

ಮಾನ್ಯ ಸಂಪಾದಕರೇ,

ಹೆಸರಾಂತ ಗಾಯಕರ ‘ಗ್ರೇಟೆಸ್ಟ್‌ ಹಿಟ್ಸ್‌’ ಆಲ್ಬಂ ಬಂದರೆ ಯಾವ ಹಾಡು ಸೇರಿದೆ, ಯಾವುದು ಬಿಟ್ಟುಹೋಗಿದೆ ಎಂಬ ಚರ್ಚೆ ನಡೆಯುತ್ತದೆ. ಸೇರಿರುವುದು ಜನ ಮೆಚ್ಚಿದ ಧ್ವನಿಮುದ್ರಣವೇ ಹೌದೇ ಎಂದು ಕೇಳುವವರು ಕಡಿಮೆ. ನನಗೆ ಅದೇ ಮುಖ್ಯ ಪ್ರಶ್ನೆ.

2000ದಲ್ಲಿ ಬಂದ ‘ವಿಟ್ನಿ: ದಿ ಗ್ರೇಟೆಸ್ಟ್‌ ಹಿಟ್ಸ್‌’ ತೆಗೆದುಕೊಳ್ಳಿ. ಪಾಪ್‌ ಗಾಯಕಿ ವಿಟ್ನಿ ಹ್ಯೂಸ್ಟನ್‌ ಅವರ ಏಳು ಹಾಡುಗಳು 1985ರಿಂದ 1988ರ ನಡುವೆ ಒಂದರ ಹಿಂದೊಂದು ಅಮೆರಿಕದ ಬಿಲ್‌ಬೋರ್ಡ್‌ ಪಟ್ಟಿಯ ಮೊದಲ ಸ್ಥಾನಕ್ಕೇರಿದವು. ಬೀಟಲ್ಸ್‌, ಬೀ ಜೀಸ್‌ ತಂಡಗಳ ದಾಖಲೆ ಆರಕ್ಕೆ ನಿಂತಿತ್ತು. ಆ ಏಳರಲ್ಲಿ ನಾಲ್ಕು ನಿಧಾನಗತಿಯವು. ಅವು ಈ ಜೋಡಿ ಸಿ.ಡಿ.ಯ ಮೊದಲ ಡಿಸ್ಕ್‌ನಲ್ಲಿವೆ. ಕುಣಿಸುವ ಮೂರು, ಅಂದರೆ ‘ಹೌ ವಿಲ್‌ ಐ ನೋ’, ‘ಐ ವಾನಾ ಡ್ಯಾನ್ಸ್‌ ವಿತ್‌ ಸಮ್‌ಬಡಿ’, ‘ಸೋ ಎಮೋಷನಲ್‌’, ಎರಡನೇ ಡಿಸ್ಕ್‌ನಲ್ಲಿವೆ. ಆದರೆ ಮೂಲ ರೂಪದಲ್ಲಲ್ಲ, ಕ್ಲಬ್‌ ರೀಮಿಕ್ಸ್‌ಗಳಾಗಿ, ಅಂದರೆ ಡ್ಯಾನ್ಸ್‌ ಕ್ಲಬ್‌ಗಳಿಗೆಂದು ತಾಳ ಬದಲಿಸಿದ ರೂಪದಲ್ಲಿ.

ಈ ಮೂರನ್ನೂ ನಿರ್ಮಿಸಿದವರು ನಾರದ ಮೈಕೆಲ್‌ ವಾಲ್ಡನ್‌. ‘ಹೌ ವಿಲ್‌ ಐ ನೋ’ ಹಾಡಿನ ಸಹಗಾಯನದಲ್ಲಿ ವಿಟ್ನಿಯ ತಾಯಿ, ಗಾಸ್ಪೆಲ್‌ (ಕ್ರೈಸ್ತ ಭಕ್ತಿಗೀತೆ) ಗಾಯಕಿ ಸಿಸ್ಸಿ ಹ್ಯೂಸ್ಟನ್‌ ಅವರ ದನಿಯೂ ಇದೆ. ಇಪ್ಪತ್ತರ ಹರೆಯದ ಮಗಳು ಮುಂದೆ ನಿಂತು ಹಾಡುವಾಗ ಹಿಂದಿನಿಂದ ಅಮ್ಮ ದನಿಗೂಡಿಸಿದ್ದಾಳೆ! ಇನ್ನು ‘ಐ ವಾನಾ ಡ್ಯಾನ್ಸ್‌’. ಶ್ರುತಿ ಮೇಲಕ್ಕೆ ಜಿಗಿದಾಗ ವಿಟ್ನಿ ಒಂದಿಷ್ಟೂ ತಿಣುಕದೆ ನಗುನಗುತ್ತ ಹತ್ತಿಬಿಡುತ್ತಾರೆ. ಆ ಗಾಯನಕ್ಕೆ ಗ್ರ್ಯಾಮಿ ಬಂತು. ಅದು ಹುಟ್ಟಿದ್ದು ಆ ವಾದ್ಯಗಳ ಜೊತೆ, ಆ ವೇಗದಲ್ಲಿ. ಬೇರೆ ತಾಳದ ಮೇಲೆ ದನಿಯನ್ನು ತಂದು ಕೂರಿಸಿದರೆ ಅದು ಬೇರೆಯೇ ಕೃತಿ.

ನನ್ನ ಮಗಳು ವಿಟ್ನಿಯನ್ನು ಕೇಳಲು ಶುರುಮಾಡಿದ್ದು ಈ ಸಂಗ್ರಹದಿಂದ. ಒಮ್ಮೆ ನಾನು 1987ರ ಮೂಲ ಹಾಡು ಹಾಕಿದಾಗ, ‘ಅಪ್ಪಾ, ಈ ರೀಮಿಕ್ಸ್‌ ಚೆನ್ನಾಗಿದೆ, ಯಾರದ್ದು?’ ಎಂದಳು. ಅವಳ ತಪ್ಪೇನೂ ಇಲ್ಲ. ಮುಖಪುಟದಲ್ಲಿ ‘ಗ್ರೇಟೆಸ್ಟ್‌ ಹಿಟ್ಸ್‌’ ಎಂದಿದ್ದರೆ ಯಾರಾದರೂ ಹಾಗೆಯೇ ನಂಬುತ್ತಾರೆ. 2012ರಲ್ಲಿ ವಿಟ್ನಿ ತೀರಿಕೊಂಡಾಗ ಜನ ಮುಗಿಬಿದ್ದು ಕೊಂಡದ್ದೂ ಇದನ್ನೇ. ಬಿಲ್‌ಬೋರ್ಡ್‌ ಆಲ್ಬಂ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂದಿತ್ತು. ಅವರನ್ನು ಮೊದಲ ಸಲ ಕೇಳಿದ ಎಷ್ಟೋ ಮಂದಿಗೆ ಮೂಲ ಹಾಡುಗಳು ಸಿಗಲೇ ಇಲ್ಲ.

ರೀಮಿಕ್ಸ್‌ ಎಂದರೆ ನನಗೆ ಮುನಿಸಿಲ್ಲ. ‘ಇಟ್ಸ್‌ ನಾಟ್‌ ರೈಟ್‌ ಬಟ್‌ ಇಟ್ಸ್‌ ಓಕೆ’ ಹಾಡಿನ ಕ್ಲಬ್‌ ರೂಪ 1999ರಲ್ಲಿ ತಾನೇ ದೊಡ್ಡ ಹಿಟ್‌ ಆಗಿತ್ತು, ಅದಕ್ಕೆ ಈ ಸಂಗ್ರಹದಲ್ಲಿ ಪೂರ್ತಿ ಹಕ್ಕಿದೆ. ಆದರೆ ಹಿಟ್‌ ಆದದ್ದೇ ಒಂದು, ಕೈಗೆ ಕೊಟ್ಟದ್ದೇ ಇನ್ನೊಂದು ಆಗಬಾರದು. ಅದೇ 2012ರ ಕೊನೆಗೆ ಬಂದ ‘ಐ ವಿಲ್‌ ಆಲ್ವೇಸ್‌ ಲವ್‌ ಯೂ: ದಿ ಬೆಸ್ಟ್‌ ಆಫ್‌ ವಿಟ್ನಿ ಹ್ಯೂಸ್ಟನ್‌’ ಸಂಗ್ರಹದಲ್ಲಿ ಮೂಲ ಹಾಡುಗಳಿವೆ. ಹೊಸದಾಗಿ ಕೇಳುವವರಿಗೆ ನಾನು ಹೇಳುವುದು ಅದನ್ನೇ.

ತಮ್ಮ ಪತ್ರಿಕೆಯಲ್ಲಿ ಇಂಥ ಆಲ್ಬಂಗಳ ಪರಿಚಯ ಬರೆಯುವವರು ಪ್ರತಿ ಹಾಡು ಯಾವ ವರ್ಷದ ಧ್ವನಿಮುದ್ರಣ, ಮೂಲವೋ ರೀಮಿಕ್ಸೋ ಎಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ