ಮಗಳಿಗೊಂದು ಪತ್ರ: ಹೂಮಳೆ ಬಂದಿದೆ

ಪುಟ್ಟೀ,

"ಅಪ್ಪ, ಇನ್ನು ನನ್ನ ಕೈಲಾಗಲ್ಲ" ಅಂದೆ ನೀನು. ನಾನು "ಸರಿ ಹೋಗುತ್ತೆ ಬಿಡು" ಅಂದುಬಿಟ್ಟೆ. ಫೋನ್ ಇಟ್ಟ ಮೇಲೆ ನನ್ನ ಮೇಲೇ ಸಿಟ್ಟು ಬಂತು. ಸಿಎ ಇಂಟರ್ ಪರೀಕ್ಷೆ ಎರಡನೇ ಸಲವೂ ಕೈಕೊಟ್ಟಾಗ ಹೇಳುವ ಮಾತಾ ಅದು? ಅದಕ್ಕೇ ಬರೆಯಲು ಕೂತೆ.

2018ರ ಆಗಸ್ಟ್ ನಿನಗೆ ನೆನಪಿದೆ, ಆದರೆ ಪೂರ್ತಿ ಗೊತ್ತಿಲ್ಲ. ನೀನಾಗ ಎಂಟನೇ ಕ್ಲಾಸು. ಗುಡ್ಡದ ಬರೆ ಜರಿದು, ಇದ್ದ 3 ಎಕರೆಯಲ್ಲಿ ಅರ್ಧ ಕಾಫಿ ತೋಟ ಮೆಣಸಿನ ಬಳ್ಳಿ, ಮರಗಳ ಸಮೇತ ಹೊಳೆಗೆ ಹೋಯಿತು. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ನಿಮ್ಮೆದುರು ತಮಾಷೆ ಮಾಡಿಕೊಂಡಿದ್ದೆ, ಅಲ್ವಾ? ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊರಗಿನ ಮೆಟ್ಟಿಲ ಮೇಲೆ ಕೂತೇ ಬೆಳಗು ಮಾಡುತ್ತಿದ್ದೆ. ಉಳಿದದ್ದನ್ನೂ ಮಾರಿ ಎಲ್ಲಾದರೂ ವಾಚ್‌ಮನ್ ಕೆಲಸಕ್ಕೆ ಸೇರುವ ಲೆಕ್ಕವೂ ಹಾಕಿದ್ದೆ. ನಮ್ಮಪ್ಪ ಧೈರ್ಯವಂತ ಅಂತ ನೀನು ಗೆಳತಿಯರಿಗೆ ಹೇಳುವುದು ಕಿವಿಗೆ ಬಿದ್ದಾಗೆಲ್ಲ ಮುಜುಗರ ನನಗೆ.

ಶುರು ಮಾಡಿದ್ದು ನಿಮ್ಮಮ್ಮ. ಜನವರಿಯಲ್ಲಿ ಉಳಿದ ಗಿಡಗಳಿಂದ ಹಣ್ಣು ಆರಿಸಿದಳು. ಬೀಜ ಬಿಡಿಸಿ, ಬೂದಿ ಸವರಿ, ನೆರಳಲ್ಲಿ ಒಣಗಿಸಿ ಪಾತಿಗೆ ಹಾಕಿದಳು. "ನೆಡೋಕೆ ಜಾಗ ಎಲ್ಲಿದೆ?" ಅಂತ ಗೊಣಗಿದೆ. "ಬೀಜ ಹಾಕೋಕೆ ಇದೆಯಲ್ಲ" ಅಂದಳು. ಒಂದೂವರೆ ತಿಂಗಳಿಗೆ ಮೊಳಕೆ ಎದ್ದವು. ಕಾಫಿ ಸಸಿ ಮೇಲೆ ಬರುವಾಗ ಬೀಜವನ್ನೇ ಟೋಪಿ ಥರ ತಲೆ ಮೇಲೆ ಹೊತ್ತಿರುತ್ತದೆ, ನೋಡಿದ್ದೀಯಲ್ಲ. ಸಾಲಿಗೆ ನಿಂತ ಪುಟ್ಟ ಪೊಲೀಸರ ಹಾಗೆ! ನಗು ಬಂತು. ಎಷ್ಟೋ ತಿಂಗಳಾದ ಮೇಲೆ, ಯಾರಿಗೂ ತೋರಿಸಲಿಕ್ಕಲ್ಲದ ನಗು.

ನೆಟ್ಟದ್ದೆಲ್ಲ ಬದುಕಿತು ಅಂದುಕೊಳ್ಳಬೇಡ. ಮೇಲ್ಮಣ್ಣು ಕೊಚ್ಚಿಹೋದ ನೆಲದಲ್ಲಿ ಮೊದಲ ವರ್ಷ ಅರ್ಧಕ್ಕರ್ಧ ಸತ್ತವು. ಮಣ್ಣು ಹಿಡಿದಿಡಲು ಲಾವಂಚದ ಹುಲ್ಲು ನೆಟ್ಟು, ಗೊಬ್ಬರ ಹೊತ್ತು, ಮತ್ತೆ ಹಾಕಿದೆವು. ಕೆಳಗಿನ ಮೂಲೆ ಇವತ್ತಿಗೂ ಬೋಳು.

ಪರೀಕ್ಷೆ ಮತ್ತೆ ಕಟ್ಟು ಅಂತ ಇಷ್ಟೆಲ್ಲ ಹೇಳಿದ್ದಲ್ಲ. ಕಟ್ಟಬೇಕೋ ಬೇಡವೋ ನಿಧಾನಕ್ಕೆ ನೋಡೋಣ. ರಾತ್ರಿ ಒಬ್ಬಳೇ ಕೂರಬೇಡ, ಅಷ್ಟೇ. ಎಷ್ಟು ಹೊತ್ತಾದರೂ ಫೋನ್ ಮಾಡು. ನಮ್ಮ ಹತ್ತಿರ ಹೇಳಲಾಗದ್ದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಹಗಲೂ ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆ ಮೆಟ್ಟಿಲ ಮೇಲೆ ಕೂತಿದ್ದಾಗ ನನಗೆ ಇಂಥ ಒಂದು ನಂಬರೂ ಗೊತ್ತಿರಲಿಲ್ಲ.

ನಿನ್ನೆ ಒಂದು ಇಂಚಿಗೂ ಜಾಸ್ತಿ ಮಳೆ ಬಂತು, ಕಾಫಿ ಹೂವು ಅರಳಿಸುವ ಹೂಮಳೆ. ಇನ್ನು ಒಂಬತ್ತು ದಿನಕ್ಕೆ ಹೂವು. ಮುಂದಿನ ಶುಕ್ರವಾರ ರಾತ್ರಿ ಬಸ್ಸು ಹತ್ತಿದರೆ ಸಿಗುತ್ತದೆ. ಬರೆ ಜರಿದ ಕಡೆಯ ಗಿಡಗಳೂ ಮೊಗ್ಗು ಹಿಡಿದಿವೆ. ಜಾಸ್ತಿ ಬಟ್ಟೆ ತರಬೇಡ. ಪುಸ್ತಕವಂತೂ ಬೇಡವೇ ಬೇಡ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಜೀಪು ತರುತ್ತೇನೆ.

ಅಪ್ಪ