ಹಾಡು ಹಾಕುವ ಮೊದಲು ನಾಲ್ಕು ಹಾಡು ಕೇಳಿ

ಸಂಪಾದಕರೇ,

ಮನೆಯ ಒಂದು ಕೋಣೆಯಲ್ಲೇ ಹಾಡು ಕಟ್ಟಿ, ತಾವೇ ಮುದ್ರಿಸಿ, ತಾವೇ ಬಿಡುಗಡೆ ಮಾಡುವ ಹುಡುಗ ಹುಡುಗಿಯರು ಈಗ ಕನ್ನಡದಲ್ಲಿ ಊರೂರಿಗೂ ಇದ್ದಾರೆ. ಅವರ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಯಾವ ಮೈಕ್ ಕೊಳ್ಳಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂಬಲ್ಲಿಗೇ ಮುಗಿದುಬಿಡುತ್ತವೆ. ಹಾಡು ಅರ್ಧಕ್ಕೆ ಬಂದಾಗ ಅದನ್ನು ಕಿವಿಗೊಟ್ಟು ಕೇಳಿ, ‘ಎರಡನೇ ಚರಣದಲ್ಲಿ ಮಾತು ತಿಳಿಯುತ್ತಿಲ್ಲ, ಗಿಟಾರ್ ಸ್ವಲ್ಪ ತಗ್ಗಿಸು’ ಎಂದು ಹೇಳುವ ಜನ ಎಲ್ಲಿ ಸಿಗುತ್ತಾರೆ ಎನ್ನುವುದನ್ನು ಬರೆಯುವವರು ಕಡಿಮೆ. ಫೆಬ್ರುವರಿ ಹತ್ತಿರವಾಗುತ್ತಿರುವುದರಿಂದ ಆ ಮಾತಿಗೆ ಇದು ಸರಿಯಾದ ಹೊತ್ತು.

ಫೆಬ್ರುವರಿ ಎನ್ನಲು ಕಾರಣವಿದೆ. ‘ಫೆಬ್ರುವರಿ ಆಲ್ಬಮ್ ರೈಟಿಂಗ್ ಮಂತ್’ ಎಂಬ ಆನ್‌ಲೈನ್ ಹಾಡುಗಟ್ಟುವಿಕೆಯನ್ನು ಅಮೆರಿಕದ ಬರ್ ಸೆಟಲ್ಸ್ 2004ರಲ್ಲಿ ಕೆಲವೇ ಗೆಳೆಯರೊಂದಿಗೆ ಶುರು ಮಾಡಿದರು. ನಿಯಮ ಸರಳ: 28 ದಿನಗಳಲ್ಲಿ 14 ಹೊಸ ಹಾಡು. ಅಧಿಕ ವರ್ಷವಾದರೆ ಹದಿನಾಲ್ಕೂವರೆ! ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ಫೋನಿನಲ್ಲಿ ಮುದ್ರಿಸಿದ ಹಾಡಾದರೂ ನಡೆಯುತ್ತದೆ. ಅಲ್ಲಿಗೆ ಸೇರಿದವರು ಒಬ್ಬರ ಹಾಡನ್ನು ಇನ್ನೊಬ್ಬರು ಕೇಳಿ ನಾಲ್ಕು ಸಾಲು ಬರೆಯುತ್ತಾರೆ. ಅದರ ಜೀವ ಇರುವುದೇ ಅದರಲ್ಲಿ. ತಿಂಗಳಿಗೆ 14 ಹಾಡು ತಮ್ಮಿಂದಾಗದು ಎನ್ನುವವರಿಗೆ ‘ಡಿಸ್‌ಕ್ವಯಟ್ ಜುಂಟೊ’ ಇದೆ. ಮಾರ್ಕ್ ವೈಡನ್‌ಬಾಮ್ 2012ರ ಜನವರಿಯಲ್ಲಿ ಆರಂಭಿಸಿದ ಇದರಲ್ಲಿ ಪ್ರತಿ ಗುರುವಾರ ಒಂದು ಸಣ್ಣ ಕೆಲಸ ಕೊಡುತ್ತಾರೆ. ನೀವಿರುವ ಊರಿನ ಸೋಮವಾರ ಮಧ್ಯರಾತ್ರಿಯೊಳಗೆ ಮುಗಿಸಿ ಹಾಕಬೇಕು. ಮೊದಲ ವಾರ ಕೊಟ್ಟಿದ್ದು ಗಾಜಿನ ಲೋಟದಲ್ಲಿ ಐಸ್ ತುಂಡು ಅಲುಗುವ ಸದ್ದನ್ನು ಮುದ್ರಿಸಿ ಅದರಿಂದ ಸಂಗೀತ ಮಾಡುವ ಕೆಲಸ. ಇನ್ನು ಒಬ್ಬರು ಬರಿಯ ಗಾಯನವನ್ನು ಹಾಕಿ, ಬೇರೆಯವರು ಅದಕ್ಕೆ ವಾದ್ಯ ಕಟ್ಟುವ ‘ಸಿಸಿಮಿಕ್ಸ್‌ಟರ್’ 2004ರಿಂದ ಇದೆ. ಯಾರ ಧ್ವನಿಯಿಂದ ಯಾವ ಹಾಡು ಹುಟ್ಟಿತು ಎಂಬ ವಂಶಾವಳಿಯನ್ನೂ ಅದು ತೋರಿಸುತ್ತದೆ.

ಇವುಗಳ ಜತೆಗೆ ವಾಟ್ಸ್‌ಆ್ಯಪ್, ಟೆಲಿಗ್ರಾಂ, ಡಿಸ್ಕಾರ್ಡ್‌ಗಳಲ್ಲಿ ಕನ್ನಡದ್ದೇ ಸಣ್ಣಪುಟ್ಟ ಗುಂಪುಗಳಿವೆ. ಯಾವುದಕ್ಕೆ ಸೇರಬೇಕೆಂದು ತೀರ್ಮಾನಿಸಲು ಸದಸ್ಯರ ಸಂಖ್ಯೆ ನೋಡಬೇಡಿ. ಕೊನೆಯಲ್ಲಿ ಬಂದ 20 ಹಾಡುಗಳನ್ನು ಹಿಂದಕ್ಕೆ ಸರಿಸಿ ನೋಡಿ: ಎಷ್ಟಕ್ಕೆ ಉತ್ತರ ಬಂದಿದೆ, ಬಂದ ಉತ್ತರ ‘ಸೂಪರ್ ಬ್ರೋ’, ಬೆಂಕಿಯ ಚಿತ್ರ ಇಷ್ಟೇನಾ, ಅಥವಾ ಹಾಡಿನ ಒಳಗಿನ ಯಾವುದಾದರೂ ಜಾಗವನ್ನು ಹೆಸರಿಸುತ್ತದೆಯೇ? ಹೊಸಬರ ಮೊದಲ ಹಾಡಿಗೆ ಯಾರಾದರೂ ಮಾತಾಡಿದ್ದಾರೆಯೇ? ಇಪ್ಪತ್ತರಲ್ಲಿ ಐದಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿ ಎಲ್ಲರೂ ಕೊಂಡಿ ಎಸೆದು ಹೋಗುವವರೇ. ಅಂಥಲ್ಲಿ ಸಾವಿರ ಜನರಿದ್ದರೂ ನಿಮ್ಮ ಹಾಡನ್ನು ಕೇಳುವ ಕಿವಿ ಒಂದೂ ಸಿಗದು. ಹನ್ನೆರಡು ಜನರ ಗುಂಪಾದರೂ ಸಾಕು, ಅವರು ಕೇಳುವವರಾಗಿರಲಿ.

‘ಇಷ್ಟು ದುಡ್ಡಿಗೆ ಹತ್ತು ಸಾವಿರ ಸ್ಟ್ರೀಮ್’ ಎಂದು ಆಸೆ ತೋರಿಸುವವರು, ‘ನೀನು ನನ್ನ ಹಾಡು ರಾತ್ರಿಯಿಡೀ ಓಡಿಸು, ನಾನು ನಿನ್ನದು ಓಡಿಸುತ್ತೇನೆ’ ಎನ್ನುವ ಗುಂಪುಗಳು ಕಂಡರೆ ತಕ್ಷಣ ಹೊರಬನ್ನಿ. ಸ್ಪಾಟಿಫೈ 2024ರಿಂದ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ಧ್ವನಿಮುದ್ರಣದ ರಾಯಧನ ಕೊಡುವುದನ್ನು ನಿಲ್ಲಿಸಿದೆ. ಆ ಗಡಿ ದಾಟುವ ಆತುರದಲ್ಲೇ ಹುಡುಗರು ಈ ಬಲೆಗೆ ಬೀಳುತ್ತಾರೆ. ಕೃತಕ ಸ್ಟ್ರೀಮ್ ಎಂದು ಗೊತ್ತಾದರೆ ಆ ಎಣಿಕೆಯನ್ನು ತೆಗೆದುಹಾಕುತ್ತಾರೆ, ನಿಮ್ಮ ಹಾಡನ್ನು ಸ್ಪಾಟಿಫೈಯಂಥ ಕಡೆಗೆ ತಲುಪಿಸುವ ವಿತರಕರ ಮೇಲೆ ದಂಡವನ್ನೂ ಹಾಕುತ್ತಾರೆ. ವಿತರಕರು ಹಾಡನ್ನೇ ಕೆಳಗಿಳಿಸಬಹುದು.

ಸೇರಿದ ಮೇಲೆ ಮೊದಲು ಕೇಳಿ. ನಿಮ್ಮದೊಂದು ಹಾಡು ಹಾಕುವ ಮೊದಲು ಬೇರೆಯವರ ನಾಲ್ಕು ಹಾಡಿಗೆ ಬರೆಯಬೇಕು ಎಂಬ ಲೆಕ್ಕ ಇಟ್ಟುಕೊಂಡರೆ ಯಾವ ಗುಂಪೂ ಬಡವಾಗುವುದಿಲ್ಲ. ಬರೆಯುವುದಕ್ಕೂ ಒಂದು ರೀತಿ ಇದೆ. ಒಮ್ಮೆ ಇಯರ್‌ಫೋನಿನಲ್ಲಿ, ಇನ್ನೊಮ್ಮೆ ಫೋನಿನ ಸ್ಪೀಕರಿನಲ್ಲಿ ಕೇಳಿ. ಫೋನಿನಲ್ಲಿ ಕೇಳಿದಾಗ ಬೇಸ್ ಪೂರ್ತಿ ಮಾಯವಾಗುವುದು, ಮಾತು ಮುಚ್ಚಿಹೋಗುವುದು ಥಟ್ಟನೆ ತಿಳಿಯುತ್ತದೆ. ಆಮೇಲೆ ಹಿಡಿಸಿದ್ದು ಒಂದು, ತೊಡಕಾದದ್ದು ಒಂದು ಹೇಳಿ, ಎರಡಕ್ಕೂ ಹೊತ್ತು ನಮೂದಿಸಿ. ‘1:12ರಲ್ಲಿ ಪಲ್ಲವಿಗೆ ಮರಳುವಾಗ ತಬಲಾ ಅರ್ಧ ಮಾತ್ರೆ ಮುಂಚೆ ಬಂತು’ ಎಂದರೆ ಹಾಡು ಮಾಡಿದವರಿಗೆ ಕೂಡಲೇ ಕೆಲಸ ಸಿಗುತ್ತದೆ. ‘ರಿದಮ್ ಸ್ವಲ್ಪ ನೋಡಿ’ ಎಂದರೆ ನಾಲ್ಕು ನಿಮಿಷದ ಹಾಡಿಡೀ ಹುಡುಕಬೇಕು. ಹಾಡು ಮುಗಿದು ಬಿಡುಗಡೆಯಾಗಿದೆ ಎಂದಾದರೆ ದೋಷ ಎಣಿಸಬೇಡಿ, ತಿದ್ದಲು ಜಾಗ ಉಳಿದಿರುವುದಿಲ್ಲ. ಆದ್ದರಿಂದ ಹಾಕುವವರೂ ‘ಇದು ಕರಡು, ಸಾಹಿತ್ಯದ ಬಗ್ಗೆ ಹೇಳಿ’ ಎಂದೋ ‘ಇದು ಬಿಡುಗಡೆಯಾಗಿದೆ, ಸುಮ್ಮನೆ ಕೇಳಿ’ ಎಂದೋ ಮೊದಲ ಸಾಲಿನಲ್ಲೇ ತಿಳಿಸಬೇಕು.

ಹೊರದೇಶದವರಿರುವ ಗುಂಪಿನಲ್ಲಿ ಕನ್ನಡ ಹಾಡನ್ನು ಹಾಕುವವರು ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಹಾಕಿ, ಕೆಳಗೆ ರೋಮನ್ ಲಿಪಿಯಲ್ಲೂ ಕೊಟ್ಟು, ನಾಲ್ಕೈದು ಸಾಲಿನಲ್ಲಿ ಇಂಗ್ಲಿಷಿನಲ್ಲಿ ತಾತ್ಪರ್ಯ ಬರೆಯಿರಿ. ಅರ್ಥ ತಿಳಿಯದ ಹಾಡಿಗೆ ಏನು ಹೇಳಬೇಕೆಂದು ಗೊತ್ತಾಗದೆ ಎಷ್ಟೋ ಜನ ಕೇಳಿಯೂ ಸುಮ್ಮನಾಗುತ್ತಾರೆ. ತಾಳ ಮಿಶ್ರಛಾಪು ಎಂದಾದರೆ ‘ಏಳು ಎಣಿಕೆ, ಮೂರು ಮತ್ತು ನಾಲ್ಕಾಗಿ ಒಡೆಯುತ್ತದೆ’ ಎಂದು ಒಂದು ಸಾಲು ಸೇರಿಸಿದರೆ ಜತೆಗೂಡಿ ನುಡಿಸುವವರು ತಾವಾಗಿ ಮುಂದೆ ಬರುತ್ತಾರೆ.

ಜತೆಗೂಡಿ ನುಡಿಸುವಲ್ಲಿಯೇ ಹೆಚ್ಚು ಕೆಡುವುದು. ಇಬ್ಬರೂ ಒಂದೇ ಹೊತ್ತಿನಲ್ಲಿ ಇಂಟರ್ನೆಟ್ ಮೂಲಕ ನುಡಿಸುವ ಆಸೆ ಎಲ್ಲರಿಗೂ ಇರುತ್ತದೆ. ‘ಜಾಮ್ಯುಲಸ್’, ‘ಸೋನೋಬಸ್’ ಎಂಬ ಉಚಿತ ತಂತ್ರಾಂಶಗಳು ಒಂದೇ ಊರಿನೊಳಗೆ, ಅದೂ ವೈಫೈ ಬಿಟ್ಟು ಕೇಬಲ್ ಸಿಕ್ಕಿಸಿಕೊಂಡರೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಸದ್ದು 25–30 ಮಿಲಿಸೆಕೆಂಡಿಗಿಂತ ತಡವಾದರೆ ಲಯ ಹಿಡಿಯುವುದು ಕಷ್ಟ. ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ಸುಮಾರು 14,000 ಕಿಲೋಮೀಟರ್. ಗಾಜಿನ ತಂತಿಯಲ್ಲಿ ಬೆಳಕು ಅಷ್ಟು ದೂರ ಓಡಲೇ 70 ಮಿಲಿಸೆಕೆಂಡ್ ಬೇಕು. ಅಲ್ಲಿರುವ ಕನ್ನಡಿಗರೊಂದಿಗೆ ನೇರ ನುಡಿಸುವುದು ಯಾವ ದುಬಾರಿ ಪ್ಲ್ಯಾನ್ ಹಾಕಿಸಿಕೊಂಡರೂ ಆಗುವ ಕೆಲಸವಲ್ಲ. ಫೈಲು ಕಳಿಸಿಕೊಳ್ಳುವುದೇ ದಾರಿ.

ಫೈಲು ಕಳಿಸುವಾಗ ನೆನಪಿಡಬೇಕಾದದ್ದು: ಪ್ರತಿ ವಾದ್ಯದ ಫೈಲೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗಲಿ. ಕೊಳಲು ಮೂರನೇ ನಿಮಿಷಕ್ಕೆ ಬರುವುದಾದರೂ ಅಲ್ಲಿಯವರೆಗೆ ಮೌನವೇ ಇರಲಿ, ಆಗ ಎಲ್ಲವನ್ನೂ ಒಂದೇ ಗೆರೆಗೆ ಇಟ್ಟರೆ ಕೂಡಿಕೊಳ್ಳುತ್ತವೆ. 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ ಫೈಲು. ಅತಿ ಜೋರಿನ ಜಾಗವೂ ಮೈನಸ್ 6 ಡೆಸಿಬೆಲ್ ದಾಟದಿರಲಿ. ರಿವರ್ಬ್ (ಕೋಣೆಯ ಗುಂಗಿನಂಥ ಮಾರ್ದನಿ) ಹಾಕದ ಒಣ ಫೈಲು ಒಂದು, ನಿಮ್ಮ ಮನಸ್ಸಿನ ರಿವರ್ಬ್ ಹಾಕಿದ್ದು ಮಾದರಿಗೆ ಇನ್ನೊಂದು. ಒಂದು ಮೋನೋ ಫೈಲು ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ, ನಾಲ್ಕು ನಿಮಿಷಕ್ಕೆ 35. ಎಂಪಿ3 ಮಾಡಿದರೆ ಹಗುರಾಗುತ್ತದೆ ನಿಜ, ಆದರೆ ಆ ಪರಿವರ್ತನೆ ಫೈಲಿನ ಆರಂಭಕ್ಕೆ ಸುಮಾರು 25 ಮಿಲಿಸೆಕೆಂಡ್ ಮೌನ ಸೇರಿಸಬಹುದು. ಮೃದಂಗದ ಪೆಟ್ಟು ಅಷ್ಟು ತಡವಾದರೆ ಎಂಥ ಕಿವಿಗೂ ತೊಡರುತ್ತದೆ. ಹಗುರವೇ ಬೇಕೆಂದರೆ ಫ್ಲ್ಯಾಕ್ ಮಾಡಿ, ಗುಣ ಕೆಡದೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಆಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ.

ಇಬ್ಬರ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆದು ದಾಖಲಿಸಿದೆ ಎಂಬ ಲೆಕ್ಕ, ಮೇಲೆ ಹೇಳಿದ 48 ಕಿಲೋಹರ್ಟ್ಸ್ ಅದೇ) ಬೇರೆ ಇದ್ದರೆ ಆಗುವ ಅವಾಂತರ ಇನ್ನೂ ದೊಡ್ಡದು. 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ ಹಾಡನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರೆ ನಾಲ್ಕು ನಿಮಿಷದ್ದು ಮೂರು ನಿಮಿಷ ನಲವತ್ತು ಸೆಕೆಂಡಿಗೇ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಹಾಡಿದವರು ತಪ್ಪು ಶ್ರುತಿಯಲ್ಲಿ ಹಾಡಿದ್ದಾರೆಂದು ಜಗಳವಾಗುತ್ತದೆ, ತಪ್ಪು ಅವರದ್ದಲ್ಲ. ಫೈಲಿನ ಹೆಸರಿನಲ್ಲೇ ಹಾಡು, ವಾದ್ಯ, ವೇಗ, ಶ್ರುತಿ, ಸ್ಯಾಂಪಲ್ ರೇಟ್ ಬರೆದುಬಿಟ್ಟರೆ ಇದು ತಪ್ಪುತ್ತದೆ. ಶ್ರುತಿಯನ್ನು ಎಲ್ಲರಿಗೂ ತಿಳಿಯುವಂತೆ ಬರೆಯಿರಿ: ಕರ್ನಾಟಕ ಸಂಗೀತದವರು ಒಂದೂವರೆ ಎನ್ನುವುದನ್ನೇ ಯಕ್ಷಗಾನದವರು ಕಪ್ಪು ಒಂದು ಎನ್ನುತ್ತಾರೆ, ಕೀಬೋರ್ಡಿನವರು ಸಿ ಶಾರ್ಪ್ ಎನ್ನುತ್ತಾರೆ. ಇನ್ನೊಂದು: ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಟ್ರ್ಯಾಕ್ ಕೇಳುತ್ತ ಹಾಡಬೇಡಿ. ಅದು ನೂರಿನ್ನೂರು ಮಿಲಿಸೆಕೆಂಡ್ ತಡವಾಗಿ ಕೇಳಿಸುತ್ತದೆ, ನೀವು ಅಷ್ಟೇ ತಡವಾಗಿ ಹಾಡಿರುತ್ತೀರಿ.

ಕೊಡುವುದು ಎಂದರೆ ಹಾಡನ್ನೇ ಕೊಡಬೇಕೆಂದಿಲ್ಲ. ಉಚ್ಚಾರ ತಿದ್ದುವುದು, ಒಬ್ಬರ ಹಾಡನ್ನು ಮಿಕ್ಸ್ ಮಾಡಿಕೊಡುವುದು, ಇವೆಲ್ಲ ಬೇಕಾಗಿರುವ ಕೆಲಸಗಳೇ. ಆದರೆ ಕರ್ನಾಟಕದವರು ಮಾತ್ರ ಕೊಡಬಲ್ಲ ಒಂದು ಇದೆ: ನಮ್ಮ ವಾದ್ಯಗಳ ಸದ್ದು. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯ 2005ರಲ್ಲಿ ಆರಂಭಿಸಿದ ‘ಫ್ರೀಸೌಂಡ್’ ಎಂಬ ಸದ್ದಿನ ಭಂಡಾರದಲ್ಲಿ ಯಾರು ಬೇಕಾದರೂ ಮುದ್ರಿಕೆ ಹಾಕಬಹುದು, ತೆಗೆದುಕೊಳ್ಳಬಹುದು. ತಮಟೆಯನ್ನೇ ನೋಡಿ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದಾಗ ತೇವ ಆರಿ ಬಿಗಿಯಾಗುತ್ತದೆ. ಕಾವು ಇಳಿದಂತೆ ಸ್ವರವೂ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಕಾಯಿಸಿದ ಕೂಡಲೇ ಎಲ್ಲ ಪೆಟ್ಟುಗಳನ್ನೂ ಒಂದೇ ಸಲಕ್ಕೆ ಮುದ್ರಿಸಬೇಕು, ಇಲ್ಲವಾದರೆ ಮೊದಲ ಪೆಟ್ಟಿಗೂ ಕೊನೆಯದಕ್ಕೂ ಸ್ವರ ಕೂಡುವುದಿಲ್ಲ. ದಪ್ಪ ಕೋಲಿನ ಪೆಟ್ಟು, ತೆಳು ಕಡ್ಡಿಯ ಪೆಟ್ಟು ಬೇರೆ ಬೇರೆ. ಒಂದೊಂದನ್ನೂ ಮೆಲ್ಲಗಿನಿಂದ ಜೋರಿನವರೆಗೆ ಐದು ಬಲದಲ್ಲಿ, ನಡುವೆ ಎರಡು ಸೆಕೆಂಡ್ ಬಿಟ್ಟು ನುಡಿಸಲಿ. ಮೈಕ್ ಎರಡು ಮೀಟರ್ ದೂರ, ಹತ್ತಿರ ಗೋಡೆಯಿಲ್ಲದ ಬಯಲಿನಲ್ಲಿ. ಫೋನಿನಲ್ಲಿ ಮುದ್ರಿಸಿದರೆ ಅದರ ತಾನಾಗಿ ಸದ್ದು ಹೊಂದಿಸುವ ವ್ಯವಸ್ಥೆಯನ್ನು ನಿಲ್ಲಿಸಲು ಬಿಡುವ ಆ್ಯಪ್ ಬಳಸಿ. ಇಲ್ಲದಿದ್ದರೆ ಪೆಟ್ಟು ಬಿದ್ದೊಡನೆ ಸದ್ದು ಕುಗ್ಗಿ, ಗುಂಯ್ ಎನ್ನುವ ಬಾಲ ಮಾತ್ರ ಉಬ್ಬಿ ಕೇಳುತ್ತದೆ.

ತಮಟೆ ಬಡಿದವರಿಗೆ ಮೊದಲೇ ಸಂಭಾವನೆ ಕೊಡಿ, ಅವರು ಒಪ್ಪಿದರೆ ಹೆಸರು ಹಾಕಿ. ಫ್ರೀಸೌಂಡ್‌ಗೆ ಸದ್ದು ಹಾಕುವಾಗ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು, ಅಂದರೆ ಬೇರೆಯವರು ಬಳಸಬಹುದೆಂಬ ಮುಕ್ತ ಅನುಮತಿಯನ್ನು, ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲಾಗದು. ಅದರಲ್ಲೇ ‘ಸಿಸಿ ಸೊನ್ನೆ’ ಎಂಬ ಬಗೆ ಆರಿಸಿದರೆ ಹೆಸರು ಹೇಳುವ ಋಣವೂ ಬಳಸುವವರಿಗೆ ಉಳಿಯುವುದಿಲ್ಲ. ಇಷ್ಟನ್ನು ಅವರ ಮಾತಿನಲ್ಲೇ ವಿವರಿಸಿ ಒಪ್ಪಿಗೆ ಪಡೆಯದೆ ಹಾಕುವುದು ಅನ್ಯಾಯ. ಹೆಸರು ಉಳಿಯಬೇಕೆಂದರೆ ‘ಬೈ’ ಪರವಾನಗಿ ಆರಿಸಿ.

ಹಕ್ಕಿನ ವಿಷಯ ಗೆಳೆತನದ ನಡುವೆ ಎತ್ತಲು ಎಲ್ಲರಿಗೂ ಸಂಕೋಚ. ಹಾಡು ಓಡಿದ ಮೇಲೆ ಎತ್ತುವುದು ಇನ್ನೂ ಕಷ್ಟ. ಬಿಡುಗಡೆಗೆ ಮೊದಲೇ ಒಂದು ಪುಟ ಬರೆದಿಡಿ: ಸಾಹಿತ್ಯ ಮತ್ತು ರಾಗಸಂಯೋಜನೆಯಲ್ಲಿ ಯಾರದ್ದು ಶೇಕಡ ಎಷ್ಟು, ಧ್ವನಿಮುದ್ರಣದಲ್ಲಿ ಯಾರದ್ದು ಎಷ್ಟು, ವಿತರಕರಿಗೆ ಯಾರು ಹಾಕುತ್ತಾರೆ, ದುಡ್ಡು ಯಾರ ಖಾತೆಗೆ ಬಂದು ಹೇಗೆ ಹಂಚಿಕೆಯಾಗುತ್ತದೆ. ಎಲ್ಲರೂ ಸಹಿ ಹಾಕಿ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಹಕ್ಕು ವರ್ಗಾವಣೆಗೆ ಸಹಿ ಮಾಡಿದ ಬರಹವೇ ಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು ಲೆಕ್ಕ. ಉಚಿತವಾಗಿ ಸಿಗುವ ಲೂಪ್ (ಮತ್ತೆ ಮತ್ತೆ ಓಡಿಸುವ ಸಿದ್ಧ ಸಂಗೀತದ ತುಣುಕು) ಬಳಸಿದ ಹಾಡನ್ನು, ಒಂದೇ ಸದ್ದಿರುವ ವಿಡಿಯೊಗಳನ್ನು ತಾನಾಗಿ ಪತ್ತೆ ಮಾಡುವ ಯೂಟ್ಯೂಬ್‌ನ ಕಂಟೆಂಟ್ ಐಡಿಗೆ ಸೇರಿಸಬೇಡಿ. ಅದೇ ಲೂಪ್ ಬಳಸಿದ ಗುಂಪಿನ ಉಳಿದವರ ಹಾಡಿಗೆಲ್ಲ ನಿಮ್ಮ ಹೆಸರಿನಲ್ಲಿ ತಕರಾರು ಹೋಗುತ್ತದೆ.

ಕನ್ನಡದವರು ವಿಶೇಷವಾಗಿ ಎಡವುವ ಜಾಗ ಕವಿತೆ. ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆಯವರು 1981ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡರು. ಅಂದರೆ ಅವರ ಕವಿತೆಗಳಿಗೆ 2041 ಮತ್ತು 2054ರ ಕೊನೆಯವರೆಗೂ ಅನುಮತಿ ಬೇಕು. ವಚನ, ದಾಸರ ಪದ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳಿಗೆ ಬೇಡ. ಆದರೆ ಅವುಗಳಿಗೆ ಇತ್ತೀಚಿನವರು ಹಾಕಿದ ರಾಗಸಂಯೋಜನೆಗೆ ಬೇಕು. ಕೇಳಿ ಕೇಳಿ ಬಾಯಿಗೆ ಬಂದ ಧಾಟಿ ಪರಂಪರೆಯದ್ದೋ ಒಬ್ಬ ಸಂಯೋಜಕರದ್ದೋ ಎಂದು ಹಾಡುವ ಮೊದಲು ವಿಚಾರಿಸಿಕೊಳ್ಳಿ. ಗುಂಪಿನಲ್ಲಿ ಹಿರಿಯರಿದ್ದರೆ ಇದನ್ನು ಹೇಳುವುದೇ ಅವರು ಕೊಡಬಹುದಾದ ದೊಡ್ಡ ನೆರವು. ಸ್ವಂತ ಸಾಹಿತ್ಯ, ಸಂಯೋಜನೆ ಇರುವವರು ಹಾಡು ಬರೆದವರ, ರಾಗ ಹಾಕಿದವರ ರಾಯಧನ ಸಂಗ್ರಹಿಸಿ ಹಂಚುವ, 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಪಡೆದು, ಜತೆಗಾರರ ಪಾಲನ್ನೂ ಸೇರಿಸಿ ಹಾಡನ್ನು ನೋಂದಾಯಿಸಬಹುದು.

ಕೊನೆಗೆ ನಿಮ್ಮಲ್ಲೊಂದು ಕೋರಿಕೆ. ಸಿನಿಮಾ ಪುರವಣಿಯಲ್ಲಿ ವಾರಕ್ಕೊಂದು ಸ್ವತಂತ್ರ ಕನ್ನಡ ಹಾಡಿಗೆ 150 ಪದಗಳ ಜಾಗ ಕೊಡಿ. ಹಾಡಿದವರ ಹೆಸರಿನ ಜತೆಗೆ ಬರೆದವರು, ರಾಗ ಹಾಕಿದವರು, ಪ್ರತಿ ವಾದ್ಯ ನುಡಿಸಿದವರು, ಮಿಕ್ಸ್ ಮಾಡಿದವರು ಇಷ್ಟೂ ಜನರ ಹೆಸರನ್ನು ಮುದ್ರಿಸಿ. ಈ ವಿವರಗಳನ್ನು ಭರ್ತಿ ಮಾಡದೆ ಕಳಿಸಿದ ಹಾಡನ್ನು ಪರಿಗಣಿಸುವುದಿಲ್ಲ ಎಂದು ಮೊದಲೇ ಪ್ರಕಟಿಸಿ.

– ಓದುಗ, ಧಾರವಾಡ