ಹೊರಗಿನ ಊಟ ಶೋಕಿಯಲ್ಲ

ಸಂಪಾದಕರೇ,

ನಗರದ ಜನ ಹೊರಗೆ ತಿನ್ನಲು ಜಾಸ್ತಿ ಖರ್ಚು ಮಾಡುತ್ತಿದ್ದಾರೆ ಎಂಬ ನಿಮ್ಮ ವರದಿಯನ್ನು ನಿನ್ನೆ ಬೆಳಿಗ್ಗೆ ಓದಿದೆ. ರಾತ್ರಿ ನಮ್ಮ ಬಡಾವಣೆಯ ಹೋಟೆಲಿನಲ್ಲಿ ಬಿಲ್ ನೋಡಿ ಮೈ ಉರಿದುಹೋಯಿತು. ತಿಂದದ್ದು ಎರಡು ಊಟ, ಮಗಳಿಗೊಂದು ಮಸಾಲೆ ದೋಸೆ, ಅತ್ತೆಗೆ ಇಡ್ಲಿ. ಬಿಲ್ಲಿನ ಕೆಳಗೆ ಕಂಡೂ ಕಾಣದಂತೆ ಶೇ 10 ಸರ್ವಿಸ್ ಚಾರ್ಜ್, ಅದನ್ನೂ ಸೇರಿಸಿದ ಮೊತ್ತದ ಮೇಲೆ ಶೇ 5 ಜಿಎಸ್‌ಟಿ! ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಇದನ್ನು ಹೇಳಿದರೆ ಕ್ಯಾಷಿಯರ್ 'ಸಿಸ್ಟಮ್‌ನಲ್ಲೇ ಹಾಗೆ ಬರುತ್ತೆ ಮೇಡಂ' ಎಂದ. ಹಿಂದೆ ಜನ ನಿಂತಿದ್ದರು, ಮಗಳು ನಿದ್ದೆಗಣ್ಣಲ್ಲಿ ಕೈ ಜಗ್ಗುತ್ತಿದ್ದಳು. ಕೊಟ್ಟು ಬಂದೆವು.

ನಾವೇನು ಶೋಕಿಗೆ ಹೋಗಿದ್ದೆವಾ? ಟ್ಯಾಂಕರ್ ಬಂದಿರಲಿಲ್ಲ. ಸಿಂಕಿನಲ್ಲಿ ಮಧ್ಯಾಹ್ನದ ಕುಕ್ಕರ್ ಹಾಗೇ ಒಣಗಿ ಕೂತಿತ್ತು. ನಾನು, ನನ್ನ ಗಂಡ ಇಬ್ಬರೂ ಕೆಲಸ ಮುಗಿಸಿ, ಅಗೆದು ಬಿಟ್ಟ ರಸ್ತೆಯಲ್ಲಿ ತೆವಳಿಕೊಂಡು ಮನೆ ಸೇರುವಾಗ ಒಂಬತ್ತು ದಾಟಿತ್ತು. ಆಮೇಲೆ ಅಕ್ಕಿ ತೊಳೆಯುವುದಾದರೂ ಯಾವ ನೀರಲ್ಲಿ? 2023-24ರ ಕೇಂದ್ರದ ಸಮೀಕ್ಷೆ ಪ್ರಕಾರ ನಗರದ ಮನೆಗಳ ನೂರು ರೂಪಾಯಿ ಖರ್ಚಿನಲ್ಲಿ ಸುಮಾರು 11 ರೂಪಾಯಿ ಪಾನೀಯ, ತಿಂಡಿ, ಸಿದ್ಧ ಆಹಾರಕ್ಕೆ ಹೋಗುತ್ತದೆ. ಚಿಪ್ಸ್ ಪೊಟ್ಟಣ, ಬೀದಿಬದಿಯ ಟೀ, ಹೋಟೆಲ್ ಊಟ ಎಲ್ಲ ಅದರಲ್ಲೇ ಸೇರಿದೆ. ಅದನ್ನು ಹಿಡಿದುಕೊಂಡು ಜನರ ಕೈಯಲ್ಲಿ ದುಡ್ಡು ಓಡಾಡುತ್ತಿದೆ ಎಂದು ಬರೆದರೆ ಹೇಗೆ? ಮನೆಯಲ್ಲಿ ಅಡುಗೆ ಮಾಡಲು ಪುರುಸೊತ್ತು, ನೀರು ಎರಡೂ ಇಲ್ಲದವರು ಎಷ್ಟು ಜನ ಅಂತ ಯಾರೂ ಕೇಳುವುದಿಲ್ಲ.

ಹೋಟೆಲಿನವರಿಗೂ ಕಷ್ಟವಿದೆ, ಒಪ್ಪುತ್ತೇನೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಆದರೆ ಹೋಟೆಲಿನವರು ಬಳಸುವ 19 ಕೆಜಿ ಗ್ಯಾಸ್ ಸಿಲಿಂಡರ್ ಬೆಲೆ ಏರಿದರೆ ದರಪಟ್ಟಿಯ ಮೇಲೆ ಕಾಫಿಗೆ ಹೊಸ ಸ್ಟಿಕ್ಕರ್ ಬೀಳುತ್ತದೆ, ಇಳಿದ ತಿಂಗಳು ಆ ಸ್ಟಿಕ್ಕರ್ ಕಿತ್ತದ್ದನ್ನು ನಾನಂತೂ ಕಂಡಿಲ್ಲ. ಮನೆಗೇ ತರಿಸೋಣ ಎಂದರೆ ಪ್ಯಾಕಿಂಗ್, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ ಅಂತ ಇನ್ನೊಂದಷ್ಟು.

ಅಧಿಕಾರಿಗಳ ವಿಷಯ ಕೇಳಲೇಬೇಡಿ. ಪೈಪ್ ಹಾಕುತ್ತೇವೆ ಎಂದು ಅಗೆದ ಗುಂಡಿ ಕಳೆದ ಮಳೆಗಾಲದಿಂದ ಹಾಗೇ ಇದೆ. ಬೀದಿದೀಪಕ್ಕೆ ಅರ್ಜಿ ಕೊಟ್ಟರೆ ಆ ಕಚೇರಿಗೆ ಹೋಗಿ ಅಂತಾರೆ, ಅಲ್ಲಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ. ತೆರಿಗೆ ಕಟ್ಟುವುದು ಒಂದು ದಿನ ತಡವಾದರೆ ಮಾತ್ರ ಬಡ್ಡಿ ಸಮೇತ ಮೆಸೇಜ್ ಬರುತ್ತದೆ!

ಸಂಬಂಧಪಟ್ಟವರು ಹೋಟೆಲ್ ಬಿಲ್‌ಗಳನ್ನು ತಪಾಸಣೆ ಮಾಡಲಿ, ಇಲ್ಲವೇ ನಮಗೆ ನೀರಾದರೂ ಸರಿಯಾಗಿ ಬಿಡಲಿ. ಎರಡೂ ಆಗುವುದಿಲ್ಲ ಅಂದರೆ ಇವರು ಸಂಬಳ ತಗೊಳ್ಳೋದು ಯಾಕೆ?

– ನೊಂದ ಗ್ರಾಹಕಿ, ಜೆ.ಪಿ. ನಗರ 8ನೇ ಹಂತ, ಬೆಂಗಳೂರು